ಓದುಗರ ಕಟ್ಟಿ: ದಪ್ಪಂದು ಆಮ್ಯಾಲ, ಸಣ್ಣದು ಮೊದಲ

ಪ್ರಶ್ನೆ: ಸರ್, ನಾನು ಬೆಟಗೇರಿಯಾಕಿ, ಬಿ.ಎಸ್ಸಿ. ಬಾಟನಿ ಓದಾಕತ್ತೇನಿ. ಸಿನಿಮಾ ನೋಡಿದ ಹುರುಪಿನ್ಯಾಗ 'ಡ್ಯೂನ್' ತರಿಸಿದೆ, ಅರವತ್ತನೇ ಪುಟಕ್ಕ ನಿಂತು ಮೂರು ತಿಂಗಳಾತು. ಹಳೇ ಸೈನ್ಸ್ ಫಿಕ್ಷನ್ ಓದಬೇಕಂದ್ರ ಎಲ್ಲಿಂದ ಸುರು ಮಾಡ್ಲಿ?

ಉತ್ತರ: ತಂಗೆವ್ವಾ, ತಪ್ಪು ನಿಂದಲ್ಲ. 1965ರ ಆ ಪುಸ್ತಕಕ್ಕ ಹಿಂದ ಒಂದು ಶಬ್ದಕೋಶಾನ ಹಚ್ಯಾರ, ಒಂದೊಂದು ಶಬ್ದಕ್ಕೂ ಹಿಂದಿನ ಪುಟಕ್ಕ ಹೋಗಿ ಬರೂದ್ರಾಗ ಕಥಿ ಕೈ ಬಿಟ್ಟು ಹೋಗತೈತಿ, ನಂದೂ ಎರಡು ಸಲ ಹಂಗ ಆಗೇತಿ. ಮೂರನೇ ಸಲಕ್ಕ ಶಬ್ದಕೋಶ ಮುಟ್ಟದ ಓದಿದೆ, ಆವಾಗ ಓಡ್ತು. ಕಪಾಟಿನ್ಯಾಗ ಇಡು, ಮಾರಬ್ಯಾಡ.

ಮೊದಲ ಎಚ್.ಜಿ. ವೆಲ್ಸ್ ಬರೆದ 'ದಿ ಟೈಮ್ ಮಷಿನ್' ತಗೋ, 1895ರದ್ದು, ನೂರು ಪುಟದ ಆಜುಬಾಜು, ಚಿಗರಿ ಬಸ್ಸಿನ್ಯಾಗ ಹುಬ್ಬಳ್ಳಿ ಧಾರವಾಡ ನಾಕೈದು ಸಲ ಓಡಾಡಿದ್ರ ಮುಗೀತು, ಸೀಟ್ ಸಿಕ್ರ ಮಾತ್ರ ಮತ್ತ. ಅದರಾಗಿನ ಮನುಷ್ಯಾ 8,02,701ನೇ ಇಸವಿಗೆ ಹೋಗ್ತಾನ, ಅಲ್ಲಿ ಕೂತು ಉಂಡವರ ಸಂತಾನ ನೆಲದ ಮ್ಯಾಲ ಹಣ್ಣು ತಿಂದು ಆಡಕೊಂಡು ಇರ್ತೈತಿ, ದುಡದವರ ಸಂತಾನ ನೆಲದ ಕೆಳಗ ಕತ್ತಲದಾಗ ಮಷಿನ್ ನಡಸ್ತೈತಿ, ರಾತ್ರಿ ಆತಂದ್ರ ಕೆಳಗಿನವರು ಮ್ಯಾಲ ಬರ್ತಾರ, ಯಾಕ ಅಂತ ಹೇಳಂಗಿಲ್ಲ. ನೀ ಬಾಟನಿಯಾಕಿ ಅಂದಿದ್ದಕ್ಕ ಇನ್ನೊಂದು ಮಾತು: ಆತ ವಾಪಸ್ ಬಂದು ಕಿಸೆಯಿಂದ ಎರಡು ಬಾಡಿದ ಬಿಳಿ ಹೂವು ತಗದು ಟೇಬಲ್ ಮ್ಯಾಲ ಇಡ್ತಾನ, ದಾಸವಾಳದ ಕುಲದ ಹೂವಿನಂಗ ಕಾಣ್ತಾವ. ಅಲ್ಲಿದ್ದ ಡಾಕ್ಟರ್ ದೀಪದ ಹತ್ರ ಬಾಗಿ ನೋಡಿ, ಗೈನೀಸಿಯಂ (ಹೂವಿನ ಹೆಣ್ಣು ಭಾಗ) ಏನೋ ಬ್ಯಾರೆ ಥರ ಐತಲ್ಲಾ, ಇದ್ಯಾವ ಕುಲದ್ದೋ ತಿಳೀವಲ್ದು, ನಾ ಇಟ್ಕೊಳ್ಳೇನು ಅಂತ ಕೇಳ್ತಾನ. ಕೊಡಂಗಿಲ್ಲ ಅಂತಾನ ಈತ. ಅಷ್ಟ. ಆ ಹೂವು ಅವನ ಕಿಸೆಕ್ಕ ಯಾರು ಹಾಕಿದ್ರು ಅನ್ನೂದು ಗೊತ್ತಾದ ಮ್ಯಾಲ ಈ ಪುಟ ತಿರುಗಿ ಓದು.

ಪ್ರಶ್ನೆ: ನಾ ಹಾವೇರಿಯ ರಿಟೈರ್ಡ್ ಇತಿಹಾಸ ಮಾಸ್ತರ. ಮೊಮ್ಮಗ ಈ ಥರದ್ದು ಬಾಳ ಓದ್ತಾನ್ರಿ, ನನಗ ಹಿಡಸೋದೂ ಏನರ ಐತೇನು?

ಉತ್ತರ: ಐತ್ರಿ ಸರ, ಅದೂ ನಿಮ್ಮ ಸಬ್ಜೆಕ್ಟಿಂದನ. ಜೂಲ್ಸ್ ವರ್ನ್‌ನ ಸಬ್‌ಮರೀನ್ ಕಾದಂಬರಿ 'ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದಿ ಸೀ' ಕೇಳಿರ್ತೀರಿ, ಅದರಾಗ ಕ್ಯಾಪ್ಟನ್ ನೀಮೋ ಯಾವ ದೇಶದವ ಅಂತ ಕಡೀತನಕಾ ಬಿಟ್ಟುಕೊಡಂಗಿಲ್ಲ. 1875ರ 'ಮಿಸ್ಟೀರಿಯಸ್ ಐಲಂಡ್'ದಾಗ ಬಾಯಿ ಬಿಡ್ತಾನ, ಆತ ಬುಂದೇಲಖಂಡದ ರಾಜಕುಮಾರ ಡಕ್ಕಾರ್, 1857ರ ದಂಗೆದಾಗ ಇಂಗ್ರಜರ ಕೂಡ ಬಡದಾಡಿ ಮನಿಮಂದೀನೆಲ್ಲಾ ಕಳಕೊಂಡು ಸಮುದ್ರಕ್ಕ ಇಳದವ! ನಮ್ಮ ನರಗುಂದದ ಬಾಬಾಸಾಹೇಬ 1858ರಾಗ ತಿರುಗಿ ಬಿದ್ದ, ಅಂದ್ರ ಹೆಚ್ಚುಕಡಿಮಿ ಅದ ಕಾಲದ ಮನುಷ್ಯಾ ನೋಡ್ರಿ. ಎರಡೂ ಪುಸ್ತಕದ ಇಸವಿ ಒಂದಕ್ಕೊಂದು ತಾಳೆ ಆಗಂಗಿಲ್ಲ, ಇತಿಹಾಸ ಮಾಸ್ತರಿಗೆ ಅದು ಕಣ್ಣಿಗೆ ಹೊಡೀತೈತಿ, ನಕ್ಕು ಬಿಟ್ಟುಬಿಡ್ರಿ.

ಕೊಳ್ಳುಮುಂದ ಅನುವಾದ ಯಾರ್ದು ಅಂತ ನೋಡ್ರಿ ಮತ್ತ. ಸಬ್‌ಮರೀನ್ ಪುಸ್ತಕದ ಹಳೇ ಇಂಗ್ಲಿಷ್ ಅನುವಾದ ಮರ್ಸಿಯರ್ ಅನ್ನಾವಂದು, ಸುಮಾರು ಕಾಲುಭಾಗ ಕತ್ತರಿಸಿ ಒಗದಾನ, ಸೋವಿ ಪ್ರಿಂಟಿನ್ಯಾಗ ಇನ್ನೂ ಅದ ತಿರಗಾಡತೈತಿ.

ಪ್ರಶ್ನೆ: 'ಫೌಂಡೇಶನ್' ಓದಬೇಕೋ ಬ್ಯಾಡೋ? (ಹುಬ್ಬಳ್ಳಿ)

ಉತ್ತರ: ಓದ್ರಿ, ಅಸಿಮೋವ್ ಬರೆದದ್ದು ಅದು, ಆದ್ರ ಖೋಲಿ ಒಳಗ ಕುಂತು ಮಾತಾಡೋ ಮಂದೀನ ಜಾಸ್ತಿ. ಅಸಿಮೋವ್‌ನ 'ಐ, ರೋಬಾಟ್' (1950) ಮೊದಲ ಮುಗಸ್ರಿ, ಬಿಡಿ ಬಿಡಿ ಕಥಿ, ಬ್ಯಾಸರಾದ್ರ ಒಂದು ಬಿಟ್ಟು ಮುಂದಿಂದು.

ಪ್ರಶ್ನೆ: ಎಲ್ಲಾ ಇಂಗ್ಲಿಷಿಂದನ ಹೇಳ್ತೀರಿ, ಕನ್ನಡದಾಗ ಯಾರೂ ಇಲ್ಲೇನ್ರಿ? (ಧಾರವಾಡ)

ಉತ್ತರ: ಯಾಕಿಲ್ಲ, ರಾಜಶೇಖರ ಭೂಸನೂರಮಠ ಅವರನ್ನ ಹುಡುಕ್ರಿ. ಹೊಸಾ ಕಾಪಿ ಸಿಗದಿದ್ರ ಲೈಬ್ರರಿ, ಹಳೇ ಪುಸ್ತಕದ ಅಂಗಡಿ ನೋಡ್ರಿ. ನನ್ನ ಹತ್ರ ಇತ್ತು, ಯಾರೋ ಎರಡ ದಿನಕ್ಕಂತ ಒಯ್ದವರು ಇನ್ನೂ ತಂದಿಲ್ಲ, ಈ ಪುಟ ಓದಾಕತ್ತಿದ್ರ ತಂದು ಕೊಡ್ರಪಾ.