ಬೋಣಿ ಮಾಡಿ, ಆಮೇಲೆ ಫೋಟೋ ತೆಗೀರಿ

ನೀವು ಕೇಳಿದ್ದು ಇದು: ದಿನನಿತ್ಯದ ಆಚರಣೆಗಳ ಮೇಲೆ ಒಂದು ಫೋಟೋಗ್ರಫಿ ಪ್ರಾಜೆಕ್ಟ್ ಮಾಡಬೇಕು ಅಂತ ಆಸೆ, ಹಬ್ಬ ಜಾತ್ರೆ ಬೇಡ, ಆದರೆ ನಮ್ಮ ಬೀದಿಯಲ್ಲಿ ವಿಶೇಷ ಅನ್ನುವಂಥದ್ದು ಏನೂ ನಡೆಯುವುದಿಲ್ಲ, ಹತ್ತಿರ ಇರುವುದು ಒಂದು ಮೊಬೈಲ್ ಅಷ್ಟೇ, ಎಲ್ಲಿಂದ ಶುರು ಮಾಡಲಿ?

ಒಂದೇ ಒಂದು ಆಚರಣೆ ಹಿಡಿಯಿರಿ. "ದಿನನಿತ್ಯದ ಆಚರಣೆಗಳು" ತೀರಾ ದೊಡ್ಡದಾಯಿತು. ಅದಕ್ಕೆ ಕೈ ಹಾಕಿದರೆ ಒಂದು ರಂಗೋಲಿ, ಒಂದು ಕಾಫಿ ಲೋಟ, ಒಂದು ದೀಪ, ಒಂದು ತುಳಸಿಕಟ್ಟೆ ಅಂತ ಕ್ಯಾಲೆಂಡರಿಗೆ ಹೊಂದುವ ಹನ್ನೆರಡು ಚಿತ್ರ ಸಿಗುತ್ತವೆ. ಪ್ರಾಜೆಕ್ಟ್ ಸಿಗುವುದಿಲ್ಲ.

ನಾನು ಮೈಸೂರಿನವನು. ನಾನು ಹಿಡಿದದ್ದು ಅಂಗಡಿ ಬಾಗಿಲು ತೆಗೆಯುವ ಹೊತ್ತು. ದೇವರಾಜ ಮಾರುಕಟ್ಟೆಯಲ್ಲಿ, ಅದರ ಸುತ್ತಮುತ್ತಲ ಬೀದಿಗಳಲ್ಲಿ, ಷಟರ್ ಮೇಲೆ ಹೋದಾಗಿನಿಂದ ಬೋಣಿ, ಅಂದರೆ ದಿನದ ಮೊದಲ ವ್ಯಾಪಾರ, ಆಗುವವರೆಗೆ. ಅದರಾಚೆಗೆ ಏನೂ ಇಲ್ಲ. ಈ ಕಡಿವಾಣ ಹಾಕಿಕೊಂಡಿದ್ದರಿಂದಲೇ ಕೆಲಸ ಮುಂದಕ್ಕೆ ಹೋಯಿತು ಅಂತ ಈಗ ಅನ್ನಿಸುತ್ತದೆ. ಅದೇ ಮಾರುಕಟ್ಟೆಗೆ ಕ್ಯಾಮೆರಾ ಹಿಡಿದು ಬರುವವರು ದಿನಕ್ಕೆ ಎಷ್ಟೋ ಜನ. ಎಲ್ಲರೂ ತೆಗೆಯುವುದು ಕುಂಕುಮದ ಬಣ್ಣಬಣ್ಣದ ಗುಡ್ಡೆಗಳನ್ನೇ. ಆ ಗುಡ್ಡೆಯನ್ನು ಬೆಳಿಗ್ಗೆ ಕೈಯಲ್ಲಿ ಸವರಿ, ತಟ್ಟಿ, ತುದಿ ಚೂಪು ಮಾಡಿ ನಿಲ್ಲಿಸುವ ಮನುಷ್ಯನನ್ನು ತೆಗೆದವರು ನನಗೆ ಕಂಡಿಲ್ಲ, ಯಾಕೆಂದರೆ ಆ ಹೊತ್ತಿಗೆ ಅವರೆಲ್ಲ ಹೋಟೆಲಿನಲ್ಲಿ ತಿಂಡಿ ತಿನ್ನುತ್ತಿರುತ್ತಾರೆ.

ಒಂದು ವೀಳ್ಯದೆಲೆ ಅಂಗಡಿ ಹೇಳುತ್ತೇನೆ, ಆಗ ನಾನು ಏನನ್ನು ನೋಡಿ ಅನ್ನುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಯಜಮಾನರಿಗೆ ವಯಸ್ಸಾಗಿದೆ. ಬೀಗ ತೆಗೆದು ಷಟರ್ ಎತ್ತಿದ ಮೇಲೆ ಒಳಗೆ ಕಾಲಿಡುವುದಕ್ಕೆ ಮುಂಚೆ ಬಗ್ಗಿ ಬಲಗೈಯಲ್ಲಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಕಸ ಗುಡಿಸಿ, ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರು ತಂದು ಮುಂದಿನ ಕಲ್ಲಿನ ಮೇಲೆ ಚಿಮುಕಿಸುತ್ತಾರೆ. ನಿನ್ನೆಯ ಒದ್ದೆ ಗೋಣಿಯಿಂದ ಎಲೆ ಕಟ್ಟು ಹೊರಗೆ ತೆಗೆದು, ಬಾಡಿದ್ದನ್ನು ಆರಿಸಿ ಎಸೆಯುತ್ತಾರೆ. ಆಮೇಲೆ ಎರಡು ಊದುಬತ್ತಿ. ಮೊದಲು ಗೋಡೆಯ ಮೇಲಿನ ಚಾಮುಂಡೇಶ್ವರಿ, ಅದರ ಪಕ್ಕದ ತಂದೆಯ ಫೋಟೋ, ಆಮೇಲೆ ಗಲ್ಲಾಪೆಟ್ಟಿಗೆ, ತಕ್ಕಡಿ, ಕೊನೆಗೆ ಯುಪಿಐ ಕ್ಯೂಆರ್ ಕೋಡಿನ ಫಲಕ. ಎಲ್ಲಕ್ಕೂ ಮೂರು ಮೂರು ಸುತ್ತು. ಫಲಕದ ಮೂಲೆಗೆ ಒಂದು ಕುಂಕುಮದ ಬೊಟ್ಟೂ ಇದೆ, ಕೋಡಿನ ಚೌಕಕ್ಕೆ ತಾಗದ ಹಾಗೆ. ಕೊನೆಗೆ ರಸ್ತೆಯ ಕಡೆ ತಿರುಗಿ ಸೂರ್ಯನಿಗೆ ಒಂದು ಸಲ ತೋರಿಸಿ, ಕಡ್ಡಿಯನ್ನು ಒಂದು ಬಾಳೆಹಣ್ಣಿಗೆ ಚುಚ್ಚಿ ನಿಲ್ಲಿಸುತ್ತಾರೆ. ಇಷ್ಟೂ ಹೊತ್ತು ಪಕ್ಕದ ಅಂಗಡಿಯವನ ಜೊತೆ ನಲ್ಲಿ ನೀರು ಬರಲಿಲ್ಲ ಅನ್ನುವ ಮಾತು ನಡೆದೇ ಇರುತ್ತದೆ.

ಆ ಕೊನೆಯ ಸಂಗತಿ ನನಗೆ ಬಹಳ ಮುಖ್ಯ. ಭಕ್ತಿಯ ಮುಖ ಹುಡುಕಿಕೊಂಡು ಹೋದರೆ ನಿಮಗೆ ನಿರಾಸೆ ಆಗುತ್ತದೆ. ದಿನವೂ ಮಾಡುವ ಕೆಲಸಕ್ಕೆ ಗಮನ ಬೇಕಾಗುವುದಿಲ್ಲ. ಕೈ ತನ್ನ ಪಾಡಿಗೆ ಸುತ್ತುತ್ತಿರುತ್ತದೆ, ಬಾಯಿ ನಲ್ಲಿ ನೀರಿನ ಬಗ್ಗೆ ಬೈಯುತ್ತಿರುತ್ತದೆ. ಚಿತ್ರ ಇರುವುದು ಇವೆರಡರ ನಡುವೆ. ಆದ್ದರಿಂದಲೇ "ಸಾರ್, ಇನ್ನೊಂದ್ಸಲ ಮಾಡಿ" ಅಂತ ಯಾವತ್ತೂ ಕೇಳಬೇಡಿ. ಕೇಳಿದರೆ ಮಾಡುತ್ತಾರೆ, ಪಾಪ. ಆದರೆ ನೆಟ್ಟಗೆ ನಿಂತು, ಕಣ್ಣು ಮುಚ್ಚಿ, ಸಿನಿಮಾದಲ್ಲಿ ಮಾಡುವ ಹಾಗೆ ಮಾಡುತ್ತಾರೆ. ತಪ್ಪಿಹೋಯಿತೇ, ಹೋಗಲಿ ಬಿಡಿ. ನಾಳೆ ಮತ್ತೆ ಷಟರ್ ಏಳುತ್ತದೆ. ಹಬ್ಬದ ಫೋಟೋಗ್ರಫಿಯಲ್ಲಿ ಈ ಸವಲತ್ತು ಇಲ್ಲ. ಆಯುಧಪೂಜೆಯ ಬೂದುಗುಂಬಳ ಒಡೆಯುವುದು ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು.

ಈಗ ಬೋಣಿಯ ವಿಷಯ. ಇದನ್ನು ನನಗೆ ಯಾರೂ ಮುಂಚೆ ಹೇಳಿರಲಿಲ್ಲ, ನಿಮಗೆ ಹೇಳುತ್ತಿದ್ದೇನೆ. ಬೆಳಿಗ್ಗೆ ಅಂಗಡಿ ತೆಗೆದಾಗ ಮೊದಲು ಬರುವ ಗಿರಾಕಿಯ ಮೇಲೆ ದಿನದ ವ್ಯಾಪಾರ ನಿಂತಿದೆ ಅನ್ನುವ ನಂಬಿಕೆ ಗಟ್ಟಿಯಾಗಿದೆ. ಬೋಣಿಯ ಹೊತ್ತಿನಲ್ಲಿ ಸಾಲ ಕೊಡುವುದಿಲ್ಲ. ಬಂದವರನ್ನು ಬರಿಗೈಯಲ್ಲಿ ಕಳಿಸುವುದಕ್ಕೂ ಮನಸ್ಸಾಗುವುದಿಲ್ಲ, ಹತ್ತು ರೂಪಾಯಿ ಕಮ್ಮಿ ಮಾಡಿಯಾದರೂ ಕೊಡುತ್ತಾರೆ. ಮೊದಲು ಬಂದ ನೋಟನ್ನು ಕಣ್ಣಿಗೊತ್ತಿಕೊಂಡೇ ಗಲ್ಲಾಪೆಟ್ಟಿಗೆಗೆ ಹಾಕುವುದು. ಇಂಥ ಹೊತ್ತಿನಲ್ಲಿ ಅಂಗಡಿ ಎದುರು ಬಂದು ನಿಲ್ಲುವ ಮೊದಲ ಮನುಷ್ಯ ಯಾರು? ಕ್ಯಾಮೆರಾ ಹಿಡಿದ ನಾನು! ಏನೂ ಕೊಳ್ಳದೆ ನಿಂತು ನೋಡುವವನು. ಇದಕ್ಕಿಂತ ಅಪಶಕುನ ಇನ್ನೇನು ಬೇಕು. ಒಬ್ಬ ಹೂವಿನ ಅಂಗಡಿಯಾಕೆ ಮುಲಾಜಿಲ್ಲದೆ ಹೇಳಿದರು: "ಅಣ್ಣಾ, ಮೊದ್ಲು ಬೋಣಿ ಮಾಡಿ, ಆಮೇಲೆ ಎಷ್ಟಾದ್ರೂ ಫೋಟೋ ತೆಕ್ಕಳಿ."

ಅವತ್ತಿನಿಂದ ಅದೇ ನಿಯಮ. ಒಂದು ಮೊಳ ಮಲ್ಲಿಗೆ, ನಾಲ್ಕು ನಿಂಬೆಹಣ್ಣು, ಒಂದು ಕಟ್ಟು ಎಲೆ, ಏನಾದರೂ ಕೊಂಡೇ ಕ್ಯಾಮೆರಾ ಹೊರಗೆ ತೆಗೆಯುವುದು. ನಮ್ಮ ಮನೆಯಲ್ಲಿ ಉಪ್ಪಿನಕಾಯಿಗೆ ನಿಂಬೆಹಣ್ಣಿನ ಬರ ಬಂದೇ ಇಲ್ಲ. ಕೆಲವರು ನನ್ನ ಕೈಗುಣ ಚೆನ್ನಾಗಿದೆ ಅಂತ ತೀರ್ಮಾನಿಸಿ, ನಾನು ಆ ಬೀದಿಗೆ ಹೋಗದ ದಿನ ಯಾಕೆ ಬರಲಿಲ್ಲ ಅಂತ ಕೇಳುವ ಮಟ್ಟಕ್ಕೆ ಬಂತು. ಇನ್ನೊಬ್ಬರಿಗೆ ನಾನು ಬೋಣಿ ಮಾಡಿದ ದಿನ ವ್ಯಾಪಾರ ಕುದುರಲಿಲ್ಲವಂತೆ. ಅವರ ಅಂಗಡಿಗೆ ಈಗ ಎರಡನೆಯ ಗಿರಾಕಿಯಾಗಿಯೇ ಹೋಗುತ್ತೇನೆ, ಮೊದಲಿನವರು ಬರುವವರೆಗೆ ಎದುರು ಟೀ ಕುಡಿಯುತ್ತ ಕಾಯುತ್ತೇನೆ. ದೂರದಲ್ಲಿ ನಿಂತು ಯಾರಿಗೂ ಗೊತ್ತಾಗದ ಹಾಗೆ ತೆಗೆಯಬೇಕು ಅನ್ನುವ ಪಾಠ ಪುಸ್ತಕಗಳಲ್ಲಿರುತ್ತದೆ. ಈ ಕೆಲಸಕ್ಕೆ ಅದು ನಡೆಯುವುದಿಲ್ಲ. ಬೆಳಿಗ್ಗೆ ಆ ಬೀದಿಯಲ್ಲಿ ನಿಂತಿದ್ದೀರಿ ಅಂದರೆ ಆಚರಣೆಯ ಒಳಗೇ ಇದ್ದೀರಿ.

ಯುಪಿಐ 2016ರಲ್ಲಿ ಬಂತು. ಈಗ ತಳ್ಳುಗಾಡಿಯವರ ಹತ್ತಿರವೂ ಇದೆ. ಕಣ್ಣಿಗೊತ್ತಿಕೊಳ್ಳಲು ನೋಟೇ ಇಲ್ಲದಿದ್ದರೆ ಏನು ಮಾಡುತ್ತಾರೆ? ನನ್ನ ಸರಣಿಯ ಅರ್ಧ ಚಿತ್ರಗಳು ಈಗ ಇದರ ಸುತ್ತವೇ ಇವೆ. ಕೆಲವರು ಬೋಣಿ ಮಾತ್ರ ನಗದಿನಲ್ಲೇ ಬೇಕು ಅನ್ನುತ್ತಾರೆ. ಒಬ್ಬರು ಹಣ ಬಂತು ಅಂತ ಸೌಂಡ್‌ಬಾಕ್ಸ್ ಕೂಗಿದ ತಕ್ಷಣ ಆ ಪೆಟ್ಟಿಗೆಯನ್ನೇ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಒಬ್ಬ ಹುಡುಗ ಫೋನಿನ ಪರದೆಯನ್ನು ಹಣೆಗೆ ತಾಗಿಸುತ್ತಾನೆ. ಅವನ ಅಪ್ಪ ಇದನ್ನು ನೋಡಿ ನಗುತ್ತಾರೆ, ಆದರೆ ಬೇಡ ಅನ್ನುವುದಿಲ್ಲ. ಹೀಗೆ ಆಗುತ್ತದೆ ಅಂತ ನಾನು ಯೋಚಿಸಿ ಶುರು ಮಾಡಿದ್ದಲ್ಲ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದದ್ದರಿಂದ ಕಣ್ಣಿಗೆ ಬಿತ್ತು.

ಪ್ಲಾಸ್ಟಿಕ್ ಮಗ್ಗು, ಸೌಂಡ್‌ಬಾಕ್ಸ್, ಮೊಬೈಲ್ ಚಾರ್ಜರ್ ವೈರು, ಇವನ್ನೆಲ್ಲ ಚೌಕಟ್ಟಿನಿಂದ ಆಚೆ ಹಾಕುವ ಚಪಲ ಬರುತ್ತದೆ, ಹಿತ್ತಾಳೆ ಚೊಂಬು ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಕಪ್ಪು ಬಿಳುಪೂ ಅಷ್ಟೇ: ಹಳೆಯ ಕಾಲದ್ದು ಅನ್ನಿಸುತ್ತದೆ ಅಂತ ಅದಕ್ಕೆ ಹಾರುವವರು ಬಹಳ. ಅರಿಶಿನ ಕುಂಕುಮ ಇರುವ ಕಡೆ ಬಣ್ಣ ತೆಗೆದರೆ ಉಳಿಯುವುದೇನು?

ನಮ್ಮೂರಿನವರೇ ಆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಹುಡುಕಿ ನೋಡಿ. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡವರು, 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಡೆಯಿತು. ದೊಡ್ಡ ದೊಡ್ಡವರನ್ನೆಲ್ಲ ತೆಗೆದಿದ್ದಾರೆ, ಆದರೆ ನಾನು ಮತ್ತೆ ಮತ್ತೆ ನೋಡುವುದು ಹೆಸರಿಲ್ಲದ ಜನರ ಚಿತ್ರಗಳನ್ನೇ. ಅದರಲ್ಲಿರುವವರು ತಮ್ಮ ಕೆಲಸದಲ್ಲಿರುತ್ತಾರೆ, ಇವರು ಅವರ ಹತ್ತಿರದಲ್ಲೇ ಎಲ್ಲೋ ಇರುತ್ತಾರೆ.

ಮೊಬೈಲಿನ ವಿಷಯಕ್ಕೆ ಬರೋಣ. ಧಾರಾಳವಾಗಿ ಸಾಕು, ಆದರೆ ಮೂರು ನಾಲ್ಕು ಸಂಗತಿ ಗೊತ್ತಿರಲಿ. ಮಬ್ಬುಗತ್ತಲಲ್ಲಿ ಫೋನ್ ತಾನಾಗಿ ನೈಟ್ ಮೋಡಿಗೆ ಹೋಗುತ್ತದೆ, ಅಂದರೆ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಸೇರಿಸುತ್ತದೆ. ಅಲುಗಾಡದ ಗೋಡೆಗೆ ಅದು ಸರಿ, ಊದುಬತ್ತಿ ಸುತ್ತುವ ಕೈ ಕಲಸಿಹೋಗುತ್ತದೆ. ಅದನ್ನು ಆಫ್ ಮಾಡಿ, ಸ್ವಲ್ಪ ಕಾಳು ಕಾಳಾಗಿ ಬಂದರೂ ಚಿಂತೆಯಿಲ್ಲ. ದೀಪ ಚೌಕಟ್ಟಿನಲ್ಲಿದ್ದರೆ ಪರದೆಯ ಮೇಲೆ ಜ್ವಾಲೆಯನ್ನೇ ಮುಟ್ಟಿ, ಬೆಳಕನ್ನು ಒಂದಿಷ್ಟು ಕೆಳಗಿಳಿಸಿ. ಇಲ್ಲದಿದ್ದರೆ ಜ್ವಾಲೆಯ ಜಾಗದಲ್ಲಿ ಬಿಳಿ ತೂತು ಮಾತ್ರ ಕಾಣುತ್ತದೆ. ಊದುಬತ್ತಿಯ ಹೊಗೆ ಬೇಕಾದರೆ ಬೆಳಕು ಹೊಗೆಯ ಹಿಂದಿನಿಂದ ಅಥವಾ ಪಕ್ಕದಿಂದ ಬರಬೇಕು, ಹಿನ್ನೆಲೆ ಕತ್ತಲಾಗಿರಬೇಕು. ಬಿಳಿ ಗೋಡೆಯ ಮುಂದೆ ಹೊಗೆ ಇದ್ದೂ ಇಲ್ಲದ ಹಾಗೆ. ಅಂಗಡಿಗಳ ಎಲ್‌ಇಡಿ, ಟ್ಯೂಬ್‌ಲೈಟಿನ ಕೆಳಗೆ ಚಿತ್ರದಲ್ಲಿ ಅಡ್ಡಪಟ್ಟಿ ಬಿದ್ದರೆ ಕ್ಯಾಮೆರಾದ ಷಟರ್ ವೇಗವನ್ನು 1/100 ಅಥವಾ 1/50 ಸೆಕೆಂಡಿಗೆ ಇಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್, ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಅದಕ್ಕೆ ಹೊಂದಿಸಿದರೆ ಪಟ್ಟಿ ಹೋಗುತ್ತದೆ. ಬೆಳಗಿನ ಬೆಳಕು ಋತುವಿನ ಜೊತೆ ಬದಲಾಗುತ್ತದೆ ಅನ್ನುವುದೂ ನೆನಪಿರಲಿ. ಮೈಸೂರಿನಲ್ಲಿ ಜನವರಿಯಲ್ಲಿ ಸೂರ್ಯೋದಯ 6.45ರ ಆಸುಪಾಸು, ಮೇ ಕೊನೆಯಲ್ಲಿ 6ಕ್ಕೂ ಮುಂಚೆ. ಅಂಗಡಿಯವರು ಬರುವ ಹೊತ್ತು ಮಾತ್ರ ವರ್ಷವಿಡೀ ಒಂದೇ. ಹಾಗಾಗಿ ಅದೇ ಅಂಗಡಿ ಧನುರ್ಮಾಸದಲ್ಲಿ ಬಲ್ಬಿನ ಹಳದಿಯಲ್ಲಿ, ಬೇಸಿಗೆಯಲ್ಲಿ ಹಗಲು ಬೆಳಕಿನಲ್ಲಿ ಸಿಗುತ್ತದೆ.

ವಾರದ ಲಯವೂ ಇದೆ, ಬರೆದಿಟ್ಟುಕೊಳ್ಳಿ. ಶುಕ್ರವಾರ ಹೂವು ಜಾಸ್ತಿ, ಗಲ್ಲಾಪೆಟ್ಟಿಗೆಗೂ ಹಾರ. ನಿಂಬೆಹಣ್ಣು ಮೆಣಸಿನಕಾಯಿಯ ಸರ ಬದಲಾಯಿಸುವುದು ಹೆಚ್ಚಾಗಿ ಶನಿವಾರ. ಅಮಾವಾಸ್ಯೆಗೆ ಬೂದುಗುಂಬಳ. ಗುರುವಾರ ಶುಕ್ರವಾರ ಫಕೀರರು ಲೋಬಾನದ ಹೊಗೆ ಹಿಡಿದು ಬರುತ್ತಾರೆ. ಅತ್ತರಿನ ಅಂಗಡಿಯಲ್ಲಿ ನಿಂತಷ್ಟೇ ಹೊತ್ತು ಪಕ್ಕದ ಬೆಲ್ಲದ ಅಂಗಡಿಯಲ್ಲೂ ನಿಲ್ಲುತ್ತಾರೆ. ಬೆಲ್ಲದವರು ಹೊಗೆಯನ್ನು ಅಂಗೈಯಲ್ಲಿ ಒಳಗೆಳೆದುಕೊಂಡು ಚಿಲ್ಲರೆ ಹಾಕುತ್ತಾರೆ. ಮಂಗಳಾರತಿ ತಗೊಳ್ಳುವುದೂ ಹಾಗೇ ಅಲ್ಲವೇ.

ನಿಮ್ಮ ಬೀದಿಯಲ್ಲಿ ಏನೂ ನಡೆಯುವುದಿಲ್ಲ ಅಂದಿರಿ. ನಾಳೆ ಬೆಳಿಗ್ಗೆ ಆಟೋ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಲ್ಲಿ: ಹ್ಯಾಂಡಲ್ ಮುಟ್ಟಿ ಎದೆ ಮುಟ್ಟಿಕೊಳ್ಳದೆ ಗಾಡಿ ಸ್ಟಾರ್ಟ್ ಮಾಡುವವರು ಎಷ್ಟು ಜನ ಅಂತ ಎಣಿಸಿ. ಬಸ್ ಡ್ರೈವರು ಸೀಟಿಗೆ ಹತ್ತುವಾಗ ನೋಡಿ, ಟೈಲರು ಮೆಷಿನ್ನಿನ ಬಟ್ಟೆ ತೆಗೆಯುವಾಗ ನೋಡಿ. ಮನೆಯಿಂದಲೇ ಶುರು ಮಾಡಬೇಕಾದರೆ ರಂಗೋಲಿ ಸುಲಭ ಅನ್ನಿಸುತ್ತದೆ. ನನ್ನ ಮಟ್ಟಿಗೆ ಅದು ಕಷ್ಟದ ವಿಷಯ. ಎಲ್ಲರೂ ತೆಗೆಯುವುದು ಮುಗಿದ ರಂಗೋಲಿ, ಮೇಲಿನಿಂದ. ಸಾರಿಸಿದ ನೆಲ ಇನ್ನೂ ಹಸಿ ಇರುವಾಗ, ಬೆರಳ ಸಂದಿಯಿಂದ ಪುಡಿ ಎಳೆಯಾಗಿ ಇಳಿಯುವುದನ್ನು ರಂಗೋಲಿ ಬಿಡುವವರ ಪಕ್ಕ ಕೂತು ತೆಗೆದರೆ ಬೇರೆ ಮಾತು. ಅದಕ್ಕೆ ನಿಮ್ಮ ಅಮ್ಮನೋ ಅತ್ತೆಯೋ ಆಗಬೇಕು. ಬೆಳಿಗ್ಗೆ ಆರು ಗಂಟೆಗೆ ನೈಟಿಯ ಮೇಲೆ ಟವೆಲ್ ಹೊದ್ದು ರಂಗೋಲಿ ಬಿಡುತ್ತಿರುವ ಪರಿಚಯವಿಲ್ಲದ ಹೆಣ್ಣುಮಗಳ ಮುಂದೆ ಕ್ಯಾಮೆರಾ ಹಿಡಿದು ನಿಲ್ಲುವುದು ಯಾವ ಪ್ರಾಜೆಕ್ಟಿಗೂ ತಕ್ಕದ್ದಲ್ಲ.

ಪ್ರಿಂಟ್ ಹಾಕಿಸಿ ಕೊಡಿ. 4×6 ಇಂಚಿನದು ಸಾಕು, ಖರ್ಚು ಹೆಚ್ಚಿಲ್ಲ. ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದು ಮರುದಿನಕ್ಕೆ ಕೆಳಗೆ ಹೋಗಿರುತ್ತದೆ, ಕಾಗದ ಅಂಗಡಿಯಲ್ಲಿ ಉಳಿಯುತ್ತದೆ. ಮೊದಲೇ ಹೇಳಿಬಿಡುತ್ತೇನೆ, ನಿಮಗೆ ಇಷ್ಟವಾದ ಚಿತ್ರ ಅವರಿಗೆ ಇಷ್ಟವಾಗುವುದಿಲ್ಲ. ಬಗ್ಗಿ ಹೊಸ್ತಿಲು ಮುಟ್ಟುತ್ತಿರುವ ಚಿತ್ರ ಕೊಟ್ಟರೆ "ಮುಖಾನೇ ಕಾಣ್ಸಲ್ವಲ್ಲ ಸಾರ್" ಅನ್ನುತ್ತಾರೆ. ಅವರಿಗೆ ಬೇಕಾದದ್ದು ಅಂಗಡಿ ಮುಂದೆ ಕೈಕಟ್ಟಿ ನೆಟ್ಟಗೆ ನಿಂತದ್ದು. ಅದನ್ನೂ ತೆಗೆದು ಕೊಡಿ, ಬೇಜಾರು ಮಾಡಿಕೊಳ್ಳಬೇಡಿ. ವೀಳ್ಯದೆಲೆಯವರು ನಾನು ಕೊಟ್ಟ ಪ್ರಿಂಟನ್ನು ದೇವರ ಪಟಗಳ ಸಾಲಿಗೇ ಸಿಕ್ಕಿಸಿದ್ದಾರೆ. ಈಗ ಊದುಬತ್ತಿ ಅದಕ್ಕೂ ಸುತ್ತುತ್ತದೆ. ಬದುಕಿರುವವರ ಫೋಟೋಗೆ ಹಾಗೆಲ್ಲ ಮಾಡಬಾರದು ಅಂತ ಪಕ್ಕದವರು ಹೇಳಿದರೆ, ತೆಗೆದಿಡುವುದಕ್ಕೆ ಬೇರೆ ಜಾಗ ಎಲ್ಲಿದೆ ತೋರಿಸು ಅನ್ನುತ್ತಾರೆ.

ಇನ್‌ಸ್ಟಾಗ್ರಾಮಿಗೆ ಹಾಕುವ ಮುಂಚೆ ಚಿತ್ರದಲ್ಲಿರುವವರನ್ನು ಒಂದು ಮಾತು ಕೇಳಿ. ಫೋಟೋ ತೆಗೆಯಲು ಒಪ್ಪಿದವರು ಊರಿಗೆಲ್ಲ ತೋರಿಸಲು ಒಪ್ಪಿದ್ದಾರೆ ಅಂತ ಅರ್ಥವಲ್ಲ. ಹಾಕುವುದಾದರೆ ಕ್ಯೂಆರ್ ಕೋಡು, ಬೋರ್ಡಿನ ಫೋನ್ ನಂಬರು ಮಸುಕು ಮಾಡಿ. ಗಲ್ಲಾಪೆಟ್ಟಿಗೆ ತೆರೆದಿರುವ ಚಿತ್ರ ಎಷ್ಟೇ ಚೆನ್ನಾಗಿ ಬಂದಿರಲಿ, ಅದನ್ನು ಹಾಕಲೇಬೇಡಿ.