72 ಕಿ.ಮೀ. ವೇಗದ ಬಸ್ 50 ಮೀಟರಿನೊಳಗೆ ನಿಲ್ಲುತ್ತದೆಯೇ? ನನ್ನ ಲೆಕ್ಕ ಎಲ್ಲಿ ತಪ್ಪಿದೆ?

ನಿಮ್ಮ ಲೆಕ್ಕ ಇದು: ಗಂಟೆಗೆ 72 ಕಿ.ಮೀ. ವೇಗದ ಬಸ್ಸಿನ ಚಾಲಕನಿಗೆ 50 ಮೀಟರ್ ಮುಂದೆ ಎಮ್ಮೆ ಕಾಣುತ್ತದೆ. ಬ್ರೇಕ್ ಒತ್ತಲು 0.8 ಸೆಕೆಂಡ್ ಹಿಡಿಯುತ್ತದೆ. ಆಮೇಲಿನ ವೇಗೋತ್ಕರ್ಷ (ವೇಗ ಬದಲಾಗುವ ದರ) −5 ಮೀ/ಸೆ². ನಿಮಗೆ 40 ಮೀಟರ್ ಬಂದಿದೆ, ಹಾಗಾಗಿ ನಿಲ್ಲುತ್ತದೆ ಎಂದು ಬರೆದಿದ್ದೀರಿ.

40 ಸರಿಯೇ, ಆದರೆ ಅದು ಬ್ರೇಕ್ ಬಿದ್ದ ಮೇಲಿನ ದೂರ ಮಾತ್ರ. ಆ 0.8 ಸೆಕೆಂಡ್ ಬಸ್ ಅದೇ ವೇಗದಲ್ಲಿ ಓಡುತ್ತಲೇ ಇರುತ್ತದೆ. ಚಲನೆಯ ಸಮೀಕರಣಗಳು ವೇಗೋತ್ಕರ್ಷ ಬದಲಾಗದ ಅವಧಿಗೆ ಮಾತ್ರ ಸಲ್ಲುತ್ತವೆ. ಆದ್ದರಿಂದ ಮೊದಲು ಒಂದು ಗೆರೆ ಎಳೆದು, ವೇಗೋತ್ಕರ್ಷ ಬದಲಾಗುವ ಜಾಗದಲ್ಲಿ ಗುರುತು ಹಾಕಿ. ಒಂದು ತುಂಡಿನ ಅಂತಿಮ ವೇಗವೇ ಮುಂದಿನ ತುಂಡಿನ ಆರಂಭಿಕ ವೇಗ.

72ನ್ನು 5/18ರಿಂದ ಗುಣಿಸಿದರೆ 20 ಮೀ/ಸೆ. ಮೊದಲ ತುಂಡು: 20 × 0.8 = 16 ಮೀ. ಎರಡನೆಯದರಲ್ಲಿ ಕಾಲ ಕೊಟ್ಟಿಲ್ಲ, ಕೇಳಿಯೂ ಇಲ್ಲ; ಹಾಗಾಗಿ ಕಾಲವಿಲ್ಲದ ಸಮೀಕರಣ, ವಿ² = ಯು² + 2 × ಎ × ಎಸ್ (ವಿ ಅಂತಿಮ ವೇಗ, ಯು ಆರಂಭಿಕ ವೇಗ, ಎ ವೇಗೋತ್ಕರ್ಷ, ಎಸ್ ದೂರ). 0 = 400 − 10 × ಎಸ್, ಅಂದರೆ 40 ಮೀ. ಒಟ್ಟು 56. ಬಸ್ ನಿಲ್ಲುವುದಿಲ್ಲ.

ಬಡಿಯುವ ಹೊತ್ತಿಗೆ ವೇಗವೆಷ್ಟು? ಬ್ರೇಕ್ ಬಿದ್ದ ಮೇಲೆ ಉಳಿದದ್ದು 34 ಮೀ. ವಿ² = 400 − 340 = 60; ವೇಗ ಸುಮಾರು 7.75 ಮೀ/ಸೆ, ಗಂಟೆಗೆ 28 ಕಿ.ಮೀ.

ಈ 34 ಮೀಟರನ್ನೇ ಎಸ್ = ಯು × ಟಿ + ½ × ಎ × ಟಿ² (ಟಿ ಎಂದರೆ ಕಾಲ) ಬಳಸಿ ಮಾಡಿದರೆ 2.45 ಮತ್ತು 5.55 ಸೆಕೆಂಡ್ ಎಂಬ ಎರಡು ಉತ್ತರ ಸಿಗುತ್ತವೆ. ಹೆಚ್ಚಿನವರು ಎಡವುವುದು ಇಲ್ಲೇ. ದಾರಿಯಲ್ಲಿ ಏನೂ ಅಡ್ಡವಿಲ್ಲದಿದ್ದರೂ ಬ್ರೇಕ್ ಬಿದ್ದ 4 ಸೆಕೆಂಡಿಗೆ ವೇಗ ಸೊನ್ನೆ. 5.55 ಎಂಬುದು ಬಸ್ ಅಲ್ಲಿಂದ ಹಿಂದಕ್ಕೆ ಬಂದರೆ ಸಿಗುವ ಕಾಲ. ಬ್ರೇಕ್ ಬಸ್ಸನ್ನು ಹಿಂದಕ್ಕೆ ಎಳೆಯುವುದಿಲ್ಲ, ಅದನ್ನು ಬಿಟ್ಟುಬಿಡಿ. ಮೇಲಕ್ಕೆ ಎಸೆದ ಕಲ್ಲಿನ ಲೆಕ್ಕದಲ್ಲಾದರೆ ಎರಡೂ ಉತ್ತರ ಸರಿ, ಏಕೆಂದರೆ ಕಲ್ಲು ನಿಜಕ್ಕೂ ಅದೇ ಎತ್ತರಕ್ಕೆ ಮರಳುತ್ತದೆ.

ತಾಳೆ ನೋಡಲು ವೇಗ–ಕಾಲ ನಕ್ಷೆ ಬರೆಯಿರಿ. 0.8 ಅಗಲ, 20 ಎತ್ತರದ ಆಯತ, ಅದರ ಪಕ್ಕದಲ್ಲಿ 4 ಪಾದದ ತ್ರಿಕೋನ. ವಿಸ್ತೀರ್ಣ 16 + 40.

ಎಷ್ಟು ವೇಗವಿದ್ದರೆ ಸರಿಯಾಗಿ 50 ಮೀಟರಿಗೆ ನಿಲ್ಲುತ್ತಿತ್ತು ಎಂದೂ ಪರೀಕ್ಷೆಯಲ್ಲಿ ಕೇಳಬಹುದು. 0.8 × ಯು + ಯು²/10 = 50 ಬಿಡಿಸಿದರೆ ಸುಮಾರು 18.7 ಮೀ/ಸೆ ಬರುತ್ತದೆ. ಅದು ಗಂಟೆಗೆ 67 ಕಿ.ಮೀ., ಈಗಿನದಕ್ಕಿಂತ ಬರೀ 5 ಕಡಿಮೆ.