ಗುರಿ ಇಟ್ಟುಕೊಂಡು ಓದಿದರೆ ಓದಿನ ಖುಷಿ ಮತ್ತೆ ಸಿಗುತ್ತಾ?

ಕಾಲೇಜಿನಲ್ಲಿದ್ದಾಗ ರಾತ್ರಿಯಿಡೀ ಓದುತ್ತಿದ್ದೆ, ಈಗ ಎರಡು ಪುಟ ಆಗುವಷ್ಟರಲ್ಲಿ ಕೈ ಫೋನಿನ ಕಡೆ ಹೋಗುತ್ತದೆ, ಈ ವರ್ಷ 24 ಪುಸ್ತಕ ಅಂತ ಗುರಿ ಇಟ್ಟುಕೊಂಡರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ನನಗೂ ಹೀಗೇ ಆಗಿತ್ತು. ನನ್ನ ಓದು ಮರಳಿ ಬಂದದ್ದೂ ಗುರಿಯಿಂದಲೇ. ಆದರೆ ಮೊದಲು ಇಟ್ಟುಕೊಂಡ ಗುರಿಯಿಂದ ಅಲ್ಲ.

ನಮ್ಮೂರು ಹಾಸನದ ಹತ್ತಿರ. ನನಗೆ ಓದು ಅಂಟಿದ್ದು ಅಮ್ಮನಿಂದ. ವಾರಪತ್ರಿಕೆಯಲ್ಲಿ ಬರುತ್ತಿದ್ದ ಧಾರಾವಾಹಿಯ ಪುಟಗಳನ್ನು ಅಮ್ಮ ವಾರವಾರ ಕತ್ತರಿಸಿ ಇಡುತ್ತಿದ್ದಳು. ಕಥೆ ಮುಗಿದ ಮೇಲೆ ಎಲ್ಲ ಜೋಡಿಸಿ, ದಬ್ಬಳದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ದಪ್ಪ ಹಾಳೆ ಹೊದಿಸುತ್ತಿದ್ದಳು. ಅಂಥವು ಒಂದು ಟ್ರಂಕಿನ ತುಂಬಾ ಇದ್ದವು. ಕೆಲವದರಲ್ಲಿ ನಡುವಿನ ಒಂದು ಕಂತೇ ಇರುತ್ತಿರಲಿಲ್ಲ. ಆ ವಾರ ಏನಾಗಿರಬಹುದು ಅಂತ ನಾನು, ಅಕ್ಕ ಜಗಳ ಆಡಿಕೊಂಡು, ಒಂದು ಕಥೆ ಕಟ್ಟಿಕೊಂಡು ಮುಂದಕ್ಕೆ ಓದುತ್ತಿದ್ದೆವು.

ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ಓದು ಹೇಗೆ ಬಿಟ್ಟುಹೋಯಿತು ಅಂತ ಹೇಳುವುದು ಬೇಡ, ನಿಮಗೇ ಗೊತ್ತಿದೆ. 2022ರ ಜನವರಿಯಲ್ಲಿ ಒಂದು ಆ್ಯಪ್ ಹಾಕಿಕೊಂಡು 50 ಪುಸ್ತಕ ಅಂತ ಗುರಿ ಬರೆದೆ. ಮೊದಲ ತಿಂಗಳು ಚೆನ್ನಾಗಿಯೇ ಇತ್ತು. ಆಮೇಲೆ ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡರೆ ಮೊದಲು ನೋಡುತ್ತಿದ್ದದ್ದು ಕೊನೆಯ ಪುಟದ ಸಂಖ್ಯೆ. ತೆಳ್ಳಗಿದ್ದರೆ ತಗೊಳ್ಳೋದು, ದಪ್ಪ ಇದ್ದರೆ ವಾಪಸ್ ಇಡೋದು. ಒಂದು ದಿನ ಅಕ್ಕ ಫೋನಿನಲ್ಲಿ, 'ಹೋದ ವಾರ ಯಾವುದೋ ಓದ್ತಿದ್ಯಲ್ಲ, ಏನು ಕಥೆ?' ಅಂತ ಕೇಳಿದಳು. ಎರಡು ಮಾತು ಹೇಳುವುದಕ್ಕೂ ಆಗಲಿಲ್ಲ. ಪುಟ ತಿರುವಿದ್ದು ನೆನಪಿತ್ತು, ಓದಿದ್ದು ನೆನಪಿರಲಿಲ್ಲ. ಅವತ್ತೇ ಆ್ಯಪ್ ತೆಗೆದುಹಾಕಿದೆ.

ಮುಂದಿನ ವರ್ಷ ಪುಸ್ತಕದ ಲೆಕ್ಕ ಬಿಟ್ಟು ಪುಟದ ಲೆಕ್ಕ ಹಿಡಿದೆ. ದಿನಕ್ಕೆ 10 ಪುಟ, ಅಷ್ಟೇ. ಜೊತೆಗೆ, ವರ್ಷಗಳಿಂದ ದಪ್ಪ ಇದೆ ಅಂತಲೇ ಹೆದರಿ ದೂರ ಇಟ್ಟಿದ್ದ ಪುಸ್ತಕವನ್ನೇ ಮೊದಲು ಓದಬೇಕು ಅಂದುಕೊಂಡೆ. ಅದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. 1967ರಲ್ಲಿ ಬಂದ ಕಾದಂಬರಿ, ಏಳುನೂರು ಪುಟ ದಾಟುತ್ತದೆ. ದಿನಕ್ಕೆ ಹತ್ತರಂತೆ ಎಪ್ಪತ್ತು ದಿನ ಬೇಕು. ಬೇಕಾದರೆ ಬೇಕು, ಅವಸರ ಯಾರಿಗಿದೆ ಅಂತ ಶುರು ಮಾಡಿದೆ.

ಮೊದಲ ವಾರ ಕಷ್ಟವಾಯಿತು. ಸಿಂಬಾವಿ, ಕೋಣೂರು, ಬೆಟ್ಟಳ್ಳಿ, ಹಳೆಮನೆ, ಹೂವಳ್ಳಿ ಅಂತ ಎಷ್ಟೊಂದು ಮನೆಗಳು, ಎಷ್ಟೊಂದು ಜನ. ಯಾರು ಯಾವ ಮನೆಯವರು ಅಂತ ಗೊಂದಲ ಆಗುತ್ತಿತ್ತು. ಹಳೇ ಡೈರಿಯಿಂದ ಒಂದು ಹಾಳೆ ಹರಿದು, ಪೆನ್ಸಿಲ್‌ನಲ್ಲಿ ಒಂದೊಂದು ಮನೆಗೆ ಒಂದು ಚೌಕ ಹಾಕಿ, ಒಳಗೆ ಹೆಸರು ಬರೆದುಕೊಂಡೆ. ಕೋಣೂರಿನ ಚೌಕದಲ್ಲಿ ಮುಕುಂದಯ್ಯ, ಹೂವಳ್ಳಿಯದರಲ್ಲಿ ಚಿನ್ನಮ್ಮ. ಆ ಹಾಳೆಯೇ ಪುಟದ ಗುರುತಿಗೂ ಆಯಿತು. ಎರಡನೇ ವಾರದ ಹೊತ್ತಿಗೆ ಹಾಳೆ ನೋಡುವ ಅಗತ್ಯ ಬೀಳಲಿಲ್ಲ. ಗುತ್ತಿ ಮತ್ತು 'ಹುಲಿಯ' ಅನ್ನೋ ಅವನ ನಾಯಿ ನಮ್ಮೂರಿನವರೇ ಅನ್ನುವ ಹಾಗೆ ಆಗಿಬಿಟ್ಟರು.

ನಾನು ಬನಶಂಕರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಯಶವಂತಪುರದಲ್ಲಿ ಇಳಿಯುತ್ತೇನೆ. ಬೇಗ ಹೊರಟರೆ ಸೀಟು ಸಿಗುತ್ತದೆ. ಪುಸ್ತಕ ತೊಡೆಯ ಮೇಲೆ, ಫೋನು ಬ್ಯಾಗಿನ ತಳದಲ್ಲಿ, ಊಟದ ಡಬ್ಬಿಯ ಕೆಳಗೆ. ಒಂದು ಬೆಳಿಗ್ಗೆ 'ಮುಂದಿನ ನಿಲ್ದಾಣ ಮಹಾಕವಿ ಕುವೆಂಪು ರಸ್ತೆ' ಅಂತ ಕೇಳಿಸಿತು. ತಲೆಯೆತ್ತಿ ಒಮ್ಮೆ ನಕ್ಕು ಮತ್ತೆ ಪುಸ್ತಕದೊಳಗೆ ಹೋದೆ. ಇನ್ನೊಂದು ಸಲ ತಲೆಯೆತ್ತಿದಾಗ ಯಶವಂತಪುರ ದಾಟಿ ಗೊರಗುಂಟೆಪಾಳ್ಯ ಬಂದಿತ್ತು. ಎದುರಿನ ಪ್ಲಾಟ್‌ಫಾರ್ಮ್‌ನಲ್ಲಿ ವಾಪಸ್ ಹೋಗುವ ರೈಲಿಗೆ ಕಾಯುತ್ತಾ ನಿಂತಾಗ ಎಷ್ಟು ಖುಷಿಯಾಯಿತು ಗೊತ್ತಾ! ಟ್ರಂಕಿನ ಪಕ್ಕ ಕೂತು ಓದುವಾಗ ಅಮ್ಮ ಊಟಕ್ಕೆ ಕರೆದದ್ದು ಕೇಳಿಸುತ್ತಿರಲಿಲ್ಲವಲ್ಲ, ಅದು ವಾಪಸ್ ಬಂದಿತ್ತು. ಎಪ್ಪತ್ತು ದಿನ ಅಂದುಕೊಂಡದ್ದು ಐವತ್ತಮೂರು ದಿನಕ್ಕೆ ಮುಗಿಯಿತು. ಹತ್ತು ಪುಟಕ್ಕೆ ನಿಲ್ಲಿಸುವುದೇ ಕಷ್ಟವಾಗಿತ್ತು.

ಹಾಗಾಗಿ ನಿಮ್ಮ 24ರ ಬಗ್ಗೆ ನನ್ನ ಅನಿಸಿಕೆ ಇಷ್ಟು. ಆ ಸಂಖ್ಯೆ ತಪ್ಪಲ್ಲ, ಆದರೆ ಈಗ ಬೇಡ. ತಿಂಗಳಿಗೆ ಎರಡು ಅಂದರೆ ಮೊದಲ ತಿಂಗಳೇ ಒಂದು ಬಾಕಿ ಉಳಿದರೂ ಸಾಲ ತೀರಿಸುವ ಹಾಗೆ ಓದಬೇಕಾಗುತ್ತದೆ. ದಿನಕ್ಕೆ 10 ಪುಟ ಓದಿದರೆ ವರ್ಷಕ್ಕೆ 3650 ಪುಟ. ಇನ್ನೂರು ಪುಟದ ಪುಸ್ತಕ ಅಂತ ಹಿಡಿದರೂ ಹದಿನೆಂಟು ಆಗುತ್ತವೆ. ಕಡಿಮೆಯೇನಲ್ಲ ಅಲ್ವಾ? ಒಂದು ದಿನ ತಪ್ಪಿದರೆ ತಪ್ಪಲಿ, ಮರುದಿನ ಇಪ್ಪತ್ತು ಓದಲು ಹೋಗಬೇಡಿ. ಮೂವತ್ತು ಪುಟವಾದರೂ ಹಿಡಿಸದಿದ್ದರೆ ಆ ಪುಸ್ತಕ ಬಿಟ್ಟುಬಿಡಿ. ಯಾರು ಎಷ್ಟೇ ಹೊಗಳಿದ್ದರೂ ಸರಿ.

ನನ್ನ ಹಾಗೆ ದಪ್ಪದ್ದರಿಂದಲೇ ಶುರು ಮಾಡಿ ಅಂತ ಹೇಳಲ್ಲ. ತೇಜಸ್ವಿಯವರ 'ಕರ್ವಾಲೊ' ಇನ್ನೂ ಓದಿಲ್ಲದಿದ್ದರೆ ಅದನ್ನು ತಗೊಳ್ಳಿ. 1980ರ ಪುಸ್ತಕ, ಹಾರುವ ಓತಿಯೊಂದನ್ನು ಹುಡುಕಿಕೊಂಡು ಹೋಗುವ ಕಥೆ. ಕೆಳಗಿಡಲು ಮನಸ್ಸಾಗುವುದಿಲ್ಲ. ನೀವು ಬೆಂಗಳೂರಿನಲ್ಲಿದ್ದರೆ ಒಂದು ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೂ ಬನ್ನಿ. 'ಕಬ್ಬನ್ ರೀಡ್ಸ್' ಅಂತ ಜನ ಮರದ ಕೆಳಗೆ ಚಾಪೆ ಹಾಸಿಕೊಂಡು ಸುಮ್ನೆ ಓದುತ್ತಾ ಕೂರುತ್ತಾರೆ. ಯಾರೂ ಮಾತಾಡಿಸಲ್ಲ, ಎಷ್ಟು ಪುಟ ಆಯಿತು ಅಂತಲೂ ಕೇಳಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಟ್ರಂಕ್ ತೆಗೆದೆ. ಇಲಿ ಕಡಿದು ಅರ್ಧ ಹಾಳಾಗಿವೆ. ಉಳಿದದ್ದರಲ್ಲಿ ಒಂದನ್ನು ತಂದಿದ್ದೇನೆ, ನಡುವಿನ ಕಂತು ಇಲ್ಲದ್ದು. ಇವತ್ತಿನ ಹತ್ತು ಪುಟ ಅದರದ್ದೇ.